ಲಾಲ್‌ಬಾಗ್ ಅರಣ್ಯ ಇಲಾಖೆಗೆ ಸೇರಿತ್ತೇ?

ಪ್ರಶ್ನೆ: ಬ್ರಿಟಿಷರ ಕಾಲದ ಮೈಸೂರಿನಲ್ಲಿ ಲಾಲ್‌ಬಾಗ್ ಅರಣ್ಯ ಇಲಾಖೆಯ ಕೈಯಲ್ಲಿತ್ತೇ? ವರ್ಷವಿಡೀ ಆ ಇಲಾಖೆಯವರಿಗೆ ಏನು ಕೆಲಸವಿರುತ್ತಿತ್ತು?
– ಓದುಗರೊಬ್ಬರು, ಚಾಮರಾಜಪೇಟೆ

ಉತ್ತರ: ಕೇಳಿದ್ದು ಒಳ್ಳೆಯದಾಯಿತು. ಗಿಡಮರ ನೋಡಿಕೊಳ್ಳುವವರೆಲ್ಲ ಒಂದೇ ಇಲಾಖೆಯವರು ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಅವು ಎರಡು ಬೇರೆ ಬೇರೆ ಇಲಾಖೆಗಳು. ಹೈದರಾಲಿ 1760ರಲ್ಲಿ ಮಾಡಿಸಲು ತೊಡಗಿದ ತೋಟ 1856ರಲ್ಲಿ ಸರ್ಕಾರಿ ಸಸ್ಯತೋಟವಾಯಿತು, ಅದಕ್ಕೊಬ್ಬ ಸೂಪರಿಂಟೆಂಡೆಂಟ್ ಬಂದರು. ಮೈಸೂರಿನ ಅರಣ್ಯ ಇಲಾಖೆ ಶುರುವಾದದ್ದು 1864ರಲ್ಲಿ, ಅದರ ಮುಖ್ಯಸ್ಥರು ಕನ್ಸರ್ವೇಟರ್.

ಗೊಂದಲವಾಗುವುದಕ್ಕೂ ಕಾರಣವಿದೆ. ಲಾಲ್‌ಬಾಗನ್ನು ಸಸ್ಯತೋಟ ಮಾಡುವಂತೆ ಸೂಚಿಸಿದ ಡಾ. ಹ್ಯೂ ಕ್ಲೆಗಾರ್ನ್ ಅವರೇ ಮದರಾಸು ಪ್ರಾಂತ್ಯದ ಕಾಡುಗಳಿಗೆ ಕನ್ಸರ್ವೇಟರ್ ಆದರು. 1874ರಿಂದ 1908ರವರೆಗೆ ಲಾಲ್‌ಬಾಗ್ ನೋಡಿಕೊಂಡ ಜಾನ್ ಕ್ಯಾಮರಾನ್ ಮೈಸೂರು, ಕೊಡಗಿನ ಕಾಡುಮರಗಳ ಬಗ್ಗೆ ಪುಸ್ತಕವನ್ನೇ ಬರೆದರು. ‘ಬ್ರಿಟಿಷರ ಕಾಲ’ ಎಂದಿರಿ. ಅದನ್ನೂ ಸ್ವಲ್ಪ ತಿದ್ದಿಕೊಳ್ಳಬೇಕು. ಕಮಿಷನರುಗಳ ನೇರ ಆಡಳಿತ ಇದ್ದದ್ದು 1831ರಿಂದ 1881ರವರೆಗೆ. ಆಮೇಲೆ ರಾಜ್ಯ ಒಡೆಯರಿಗೆ ಮರಳಿತು. ಹಾಗಾಗಿ ಕ್ಯಾಮರಾನ್ ದೊರೆಯಾದರೂ ಬಹುಪಾಲು ಕೆಲಸ ಮಾಡಿದ್ದು ಮೈಸೂರು ಸರ್ಕಾರದ ನೌಕರರಾಗಿ.

ಇನ್ನು ವರ್ಷದ ಕೆಲಸ. ತೋಟದ್ದು ಮುಖ್ಯವಾಗಿ ಪ್ರಯೋಗ. ಲಂಡನ್ನಿನ ಕ್ಯೂ ತೋಟದಂಥ ಕಡೆಗಳಿಂದ ಬಂದ ಬೀಜ, ಸಸಿಗಳನ್ನು ಕುಂಡದಲ್ಲಿಟ್ಟು, ಹೆಸರಿನ ಪಟ್ಟಿ ಕಟ್ಟಿ, ನಮ್ಮ ಹವೆಗೆ ಒಗ್ಗುತ್ತದೆಯೇ ಎಂದು ನೋಡುವುದು; ಒಗ್ಗಿದ್ದನ್ನು ಹೆಚ್ಚಿಸಿ ಊರಿಗೆ ಹಂಚುವುದು. ಗಾಂಧಿಬಜಾರಿನಲ್ಲಿ ನೀವು ಕೊಳ್ಳುವ ಸೀಮೆಬದನೆಯನ್ನು ಇಲ್ಲಿ ಬೇರೂರಿಸಿದ ಹೆಸರು ಕ್ಯಾಮರಾನ್ ಅವರಿಗಿದೆ. ಅದರ ಬೀಜ ಕಾಯಿಯೊಳಗೇ ಮೊಳೆಯುವುದರಿಂದ ಇಡೀ ಕಾಯನ್ನೇ ನೆಡಬೇಕು. ಬೇರೆ ತರಕಾರಿಗಳಂತೆ ಒಣಬೀಜದ ಪೊಟ್ಟಣ ತರಿಸಿ ಬಿತ್ತುವ ಅನುಕೂಲ ಇದಕ್ಕಿಲ್ಲ.

ಅರಣ್ಯ ಇಲಾಖೆಯ ಕಣ್ಣು ಆದಾಯದ ಮೇಲೆ. ಬೇಸಿಗೆಗೆ ಮೊದಲೇ ಕಾಡಿನ ಅಂಚಿನ ಹುಲ್ಲು ಸವರಿ ಸುಟ್ಟು ಬೆಂಕಿರೇಖೆ ಮಾಡಬೇಕು, ಕಾಳ್ಗಿಚ್ಚಿಗೆ ಕಾವಲಿಡಬೇಕು, ಮುಂಗಾರು ಬಿದ್ದೊಡನೆ ಸಸಿ ನೆಡಬೇಕು. ಇದೆಲ್ಲ ಖರ್ಚಿನ ಬಾಬ್ತು. ಹಣ ತರುತ್ತಿದ್ದುದು ಶ್ರೀಗಂಧ. ಟಿಪ್ಪು 1792ರಲ್ಲಿ ಅದನ್ನು ರಾಜವೃಕ್ಷವೆಂದು ಸಾರಿದ್ದ. ಆಮೇಲೆ ಬಂದ ಯಾವ ಸರ್ಕಾರವೂ ಆ ಹಕ್ಕನ್ನು ಬಿಡಲು ಒಪ್ಪಲಿಲ್ಲ. ಸ್ವಂತ ಹೊಲದಲ್ಲಿ ಬೆಳೆದ ಗಂಧದ ಮರಕ್ಕೆ ರೈತ ಒಡೆಯನಾದದ್ದು 2001ರ ತಿದ್ದುಪಡಿಯ ನಂತರ!

ಗಂಧದ ಮರವನ್ನು ಬೇರೆ ಮರಗಳಂತೆ ಬುಡಕ್ಕೆ ಕಡಿಯುವುದಿಲ್ಲ. ಬೇರಿನಲ್ಲಿ ಎಣ್ಣೆ ಹೆಚ್ಚು, ಆದ್ದರಿಂದ ಸುತ್ತ ಅಗೆದು ಬೇರುಸಮೇತ ಕೀಳುತ್ತಾರೆ. ಹೊರಗಿನ ಬಿಳಿ ಮರಕ್ಕೆ ವಾಸನೆಯಿಲ್ಲ. ಅದನ್ನು ಕೆತ್ತಿ ತೆಗೆದರೆ ಒಳಗೆ ಕಂದುಬಣ್ಣದ ಚೇಗು. ಕೊರಡು, ಬೇರು, ಚಕ್ಕೆ, ಪುಡಿ ಯಾವುದನ್ನೂ ಬಿಸಾಡದೆ ಗಂಧದ ಕೋಠಿಗೆ ಸಾಗಿಸಿ, ತೂಗಿ, 18 ದರ್ಜೆಗಳಾಗಿ ವಿಂಗಡಿಸಿ ಹರಾಜು ಹಾಕುತ್ತಿದ್ದರು. ನನ್ನ ಮಟ್ಟಿಗೆ ಇಲಾಖೆಯ ನಿಜವಾದ ಜಾಣ್ಮೆ ಇದ್ದದ್ದು ಕಾಡಿನಲ್ಲಿ ಅಲ್ಲ, ಈ ಕೋಠಿಯಲ್ಲಿ.

1914ರಲ್ಲಿ ಮಹಾಯುದ್ಧ ಶುರುವಾಗಿ ಯುರೋಪಿನ ಖರೀದಿ ನಿಂತಾಗ ಕೋಠಿಗಳಲ್ಲಿ ಗಂಧ ಹಾಗೇ ರಾಶಿ ಬಿತ್ತು. ಎಣ್ಣೆಯನ್ನು ನಾವೇ ತೆಗೆದರಾಯಿತು ಎಂದು ದಿವಾನ್ ವಿಶ್ವೇಶ್ವರಯ್ಯನವರು ಟಾಟಾ ಇನ್‌ಸ್ಟಿಟ್ಯೂಟಿನ ವಿಜ್ಞಾನಿಗಳ ನೆರವು ಪಡೆದರು. 1916ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆ ಆರಂಭವಾಯಿತು. ಮೈಸೂರು ಸ್ಯಾಂಡಲ್ ಸೋಪು ಬಂದದ್ದು ಅದರ ಬೆನ್ನಿಗೇ.

ಇಂದಿಗೂ ಈ ಎರಡು ಇಲಾಖೆಗಳ ನೆಲೆ ಬೇರೆಯೇ. ಲಾಲ್‌ಬಾಗ್ ತೋಟಗಾರಿಕೆ ಇಲಾಖೆಯದು. ಅರಣ್ಯದವರನ್ನು ಹುಡುಕಿದರೆ ಮಲ್ಲೇಶ್ವರ 18ನೇ ಕ್ರಾಸಿನ ಅರಣ್ಯ ಭವನದಲ್ಲಿ ಸಿಗುತ್ತಾರೆ.