ಹೊಸ ಡಿಸೈನ್ ಎಲ್ಲಿಂದ ತರೋಣ?



ಹೊಲಿಗೆ ಕಲಿತ ಸಂಘಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತೊಂದಿದೆ: "ಕೆಲಸ ಕೈಗೆ ಹತ್ತಿದೆ, ಹೊಸ ಡಿಸೈನ್ ಮಾತ್ರ ಹೊಳೆಯಲ್ಲ." ಆಗ ಎಲ್ಲರೂ ಪುಸ್ತಕದಲ್ಲಿರುವ ಅದೇ ಗುಲಾಬಿ ಹೂವನ್ನೇ ಹಾಕುತ್ತೇವೆ. ಅಂಥದ್ದೇ ಗುಲಾಬಿ ಇರುವ ಚೀಲ ಮೆಷಿನ್ನಿನಲ್ಲಿ ತಯಾರಾಗಿ ಕಡಿಮೆ ಬೆಲೆಗೆ ಅಂಗಡಿಯಲ್ಲಿ ತೂಗಾಡುತ್ತಿರುತ್ತೆ. ನಾವು ಎರಡು ದಿನ ಕೂತು ಹಾಕಿದ್ದಕ್ಕೆ ಕೂಲಿಯೂ ಗಿಟ್ಟೋದಿಲ್ಲ.

ಧಾರವಾಡ ಕಡೆಯ ಕಸೂತಿಯನ್ನು ನೋಡಿ. ಇಳಕಲ್ ಸೀರೆಯ ಮೇಲೆ ಆ ಹೆಂಗಸರು ಹಾಕುತ್ತಾ ಬಂದಿದ್ದು ಗೋಪುರ, ತೇರು, ತುಳಸಿಕಟ್ಟೆ, ಆನೆ, ನವಿಲು, ತೊಟ್ಟಿಲು. ಎಲ್ಲವೂ ಮನೆಯಲ್ಲಿ, ಜಾತ್ರೆಯಲ್ಲಿ ಕಣ್ಣಿಗೆ ಬಿದ್ದಂಥವೇ. ಗವಂತಿ, ಮುರ್ಗಿ, ನೇಯ್ಗೆ, ಮೆಂತೆ ಎಂದು ನಾಲ್ಕು ಹೊಲಿಗೆ. ಕೊನೆಯದಕ್ಕೆ ಹೆಸರು ಸಿಕ್ಕಿದ್ದು ಅಡುಗೆಮನೆಯ ಡಬ್ಬಿಯಿಂದ! ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳದೆ ಎಳೆ ಎಣಿಸಿ ಹಾಕುವುದರಿಂದ ದುಂಡು ಗೆರೆ ಬರೋದಿಲ್ಲ. ಆನೆಯ ಬೆನ್ನೂ ಮೆಟ್ಟಿಲು ಮೆಟ್ಟಿಲಾಗಿ ಏರುತ್ತೆ. ಅದೇ ಅದರ ಚೆಂದ.

ನಮ್ಮ ಜಿಲ್ಲೆಯ ಚನ್ನಪಟ್ಟಣದಲ್ಲಿ ಇದಕ್ಕೆ ತಿರುಗಾಮುರುಗಾ. ಅಲ್ಲಿ ಹಾಲೆ ಮರದ ತುಂಡು ಯಂತ್ರದಲ್ಲಿ ಗಿರಗಿರ ತಿರುಗುತ್ತೆ, ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೆ ಕರಗಿ ಬಣ್ಣ ಹಿಡಿಯುತ್ತೆ. ತಿರುಗುವ ಮರದಲ್ಲಿ ಎಲ್ಲವೂ ದುಂಡಗೇ ಬರಬೇಕು. ಹಾಗಾಗಿ ಆ ಗೊಂಬೆಗಳ ತಲೆ, ಹೊಟ್ಟೆ ಎಲ್ಲಾ ದುಂಡಗೆ. ಅಂದರೆ ಕಣ್ಣು ಕಂಡದ್ದರ ಜೊತೆ ಸೂಜಿ, ಉಳಿಯೂ ರೂಪ ಕೊಡುತ್ತವೆ.

ಹಾಗಾದರೆ ಮರಳವಾಡಿಯಲ್ಲಿ ಏನಿದೆ? ರೇಷ್ಮೆ ಮನೆಯ ಚಂದ್ರಂಕಿಯನ್ನೇ ನೋಡಿ. ಬಿದಿರಿನ ಸುತ್ತು, ಸುತ್ತಿನ ಸಂದಿಯಲ್ಲಿ ಗೂಡುಗಳು. ಅದನ್ನು ಅಷ್ಟು ವರ್ಷದಿಂದ ಎತ್ತಿ ಇಳಿಸಿದ್ದೇವೆ, ಒಂದು ದಿಂಬಿನ ಕವರಿಗೆ ಹಾಕಬಹುದು ಅಂತ ಅನ್ನಿಸಿಲ್ಲ, ಅಲ್ವಾ? ಮುಷ್ಟಿ ಕಟ್ಟಿದ ರಾಗಿ ತೆನೆ, ಹುಣಸೆಕಾಯಿಯ ಡೊಂಕು, ಹಿಪ್ಪುನೇರಳೆ ಎಲೆಯ ನರ, ಇವೂ ಇವೆ.

ಕಂಡದ್ದನ್ನು ಇದ್ದ ಹಾಗೇ ಬಿಡಿಸಬೇಕಿಲ್ಲ. ತೆನೆಗೆ ನಾಲ್ಕೈದು ಗೆರೆ ಸಾಕು. ಮಕ್ಕಳ ಲೆಕ್ಕದ ಚೌಕುಳಿ ಪುಸ್ತಕದಲ್ಲಿ ರಂಗೋಲಿ ಚುಕ್ಕಿಯಂತೆ ಮನೆ ಎಣಿಸಿ ಬರೆದುಕೊಳ್ಳಿ, ಒಂದು ಮನೆಗೆ ಒಂದು ಹೊಲಿಗೆ. ಮೊದಲು ಹಳೇ ಬಟ್ಟೆಯ ಚೂರಿನ ಮೇಲೆ ಹಾಕಿ ನೋಡಿ. ಇಳಕಲ್ ಸೀರೆಯಲ್ಲಿ ಸೆರಗಿನ ಹತ್ತಿರ ದೊಡ್ಡ ಚಿತ್ರ, ದೂರ ಹೋದ ಹಾಗೆ ಚಿಕ್ಕವು. ಚೀಲಕ್ಕೂ ಆ ಲೆಕ್ಕ ಒಪ್ಪುತ್ತೆ: ಮಧ್ಯೆ ಒಂದು ದೊಡ್ಡ ತೆನೆ, ಅಂಚಿಗೆ ಬರೀ ಕಾಳು.

ಟಿ.ವಿ. ಕಾರ್ಟೂನಿನ ಗೊಂಬೆಗಳನ್ನು ಮಾತ್ರ ಮಾರಾಟದ ಸಾಮಾನಿಗೆ ಹಾಕಬೇಡಿ, ಅವುಗಳಿಗೆ ಹಕ್ಕುದಾರರಿದ್ದಾರೆ. ಮುಂದಿನ ವಾರದ ಸಭೆಗೆ ಒಬ್ಬೊಬ್ಬರು ಹೊಲದಿಂದಲೋ ಮನೆಯಿಂದಲೋ ಒಂದೊಂದು ವಸ್ತು ತನ್ನಿ. ಉಳಿತಾಯದ ಲೆಕ್ಕ ಬರೆದು ಮುಗಿಸಿದ ಮೇಲೆ, ಅದೇ ಜಮಖಾನದ ಮೇಲೆ ಕೂತು ಬಿಡಿಸೋಣ.