ರೈತರಿಗೆ ತರಬೇತಿ ಕೊಡುವ ಕಂಪನಿಗಳು ಕೆಲಸ ನಿಲ್ಲಿಸಿದರೆ ರಿಜಿಸ್ಟ್ರಿ ರದ್ದಾಗುವ ವಿಚಾರ

ಮೇಲುಕೋಟೆಯ ಬೆಟ್ಟದ ಸುತ್ತಣ ಹಳ್ಳಿಗಳ ಬೇಸಾಯವು ಬಹುಮಟ್ಟಿಗೆ ಮಳೆಯನ್ನೇ ನಂಬಿದುದು. ಪಾಂಡವಪುರದ ನಾಲಾ ಬಯಲಿನಲ್ಲಿ ಕಬ್ಬು ಭತ್ತಗಳು ಬೆಳೆಯುವಾಗ ಮೇಲಣ ಹೊಲಗಳಿಗೆ ರಾಗಿ ಹುರುಳಿಗಳೇ ಆಧಾರ. ಇಂತಹ ಸೀಮೆಯ ರೈತನಿಗೆ ಬೀಜವನ್ನು ಆರಿಸುವ, ನೆಲದ ತೇವವನ್ನು ಉಳಿಸುವ, ಬೆಳೆದುದನ್ನು ಹಸನುಮಾಡಿ ಒಟ್ಟಾಗಿ ಮಾರುವ ಕ್ರಮಗಳನ್ನು ಹತ್ತಿರವಿದ್ದು ಕಲಿಸಿಕೊಡುವವರು ಅವಶ್ಯ. ಈ ಉದ್ದೇಶದಿಂದ ರೈತರು ತಾವೇ ಷೇರು ಹಾಕಿ ಉತ್ಪಾದಕರ ಕಂಪನಿಗಳನ್ನು ರಿಜಿಸ್ಟರು ಮಾಡಿಸುವುದುಂಟು. 2003ರಲ್ಲಿ ಜಾರಿಗೆ ಬಂದ ಕಾನೂನಿನ ಮೇರೆಗೆ ಇವುಗಳ ಉದ್ದೇಶಗಳಲ್ಲಿ ಕೊಳ್ಳುವುದು, ಮಾರುವುದು ಮಾತ್ರವಲ್ಲದೆ ಸದಸ್ಯರಿಗೆ ತರಬೇತಿ ಕೊಡುವುದೂ ಸೇರಿರುತ್ತದೆ.

2020ನೆಯ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು 10,000 ರೈತ ಸಂಸ್ಥೆಗಳನ್ನು ಏರ್ಪಡಿಸುವ ಯೋಜನೆಯನ್ನು ಆರಂಭಿಸಿತು. ಬಯಲು ಸೀಮೆಯ ಸಂಸ್ಥೆಗೆ ಕನಿಷ್ಠಪಕ್ಷ 300 ಮಂದಿ ಸದಸ್ಯರಿರಬೇಕು. ಆಡಳಿತದ ವೆಚ್ಚಕ್ಕೆ 3 ವರ್ಷಗಳಲ್ಲಿ 18 ಲಕ್ಷ ರೂಪಾಯಿಗಳವರೆಗೆ ಸಹಾಯ; ಸದಸ್ಯರ ಷೇರು ಹಣಕ್ಕೆ ಸಮನಾಗಿ ತಲಾ 2,000 ರೂಪಾಯಿ ಮೀರದಂತೆ ಮತ್ತೊಂದು ಸಹಾಯ. 300 ಮಂದಿ ತಲಾ 2,000 ರೂಪಾಯಿ ಹಾಕಿದರೆ ರೈತರದೇ 6 ಲಕ್ಷ ರೂಪಾಯಿ ಅದರಲ್ಲಿ ಸೇರಿರುತ್ತದೆಂಬುದನ್ನು ಜ್ಞಾಪಕದಲ್ಲಿಡತಕ್ಕದ್ದು.

ತೊಡಕು ಹುಟ್ಟುವುದು ನಾಲ್ಕನೆಯ ವರ್ಷದಲ್ಲಿ. ಸಂಬಳದ ಹಣ ನಿಂತು ವ್ಯವಸ್ಥಾಪಕನು ಬೇರೆ ಕಡೆಗೆ ಹೊರಟುಹೋದರೆ ಕೊಠಡಿಗೆ ಬೀಗ ಬೀಳುತ್ತದೆ. ಬಾಗಿಲ ಮೇಲೆ ಬೋರ್ಡು ಮಾತ್ರ ಉಳಿಯುತ್ತದೆ. ಯಾರೂ ಮೋಸ ಮಾಡಿಲ್ಲ, ಹಣ ನುಂಗಿಲ್ಲ, ಆದುದರಿಂದ ಭಯವಿಲ್ಲವೆಂದು ಡೈರೆಕ್ಟರುಗಳು ಭಾವಿಸುವುದು ಸಹಜ. ಕಾನೂನು ಹಾಗೆ ಭಾವಿಸುವುದಿಲ್ಲ. ರಿಜಿಸ್ಟರಾದ ಒಂದು ವರ್ಷದೊಳಗೆ ವ್ಯವಹಾರ ಆರಂಭಿಸದ, ಅಥವಾ ಸದಸ್ಯರೊಡನೆ ವ್ಯವಹಾರವನ್ನೇ ನಿಲ್ಲಿಸಿದ, ಅಥವಾ ತನ್ನ ಉದ್ದೇಶಗಳಲ್ಲಿ ಯಾವುದನ್ನೂ ನಡೆಸದ ಉತ್ಪಾದಕರ ಕಂಪನಿಯ ಹೆಸರನ್ನು ರಿಜಿಸ್ಟರಿನಿಂದ ಹೊಡೆದುಹಾಕುವಂತೆ ರಿಜಿಸ್ಟ್ರಾರರು ಆಜ್ಞೆ ಮಾಡಬಹುದು. ಸುಮ್ಮನಿರುವುದೇ ಇಲ್ಲಿ ತಪ್ಪು.

ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆಯು ಕೆಲವು ವರ್ಷ ನಿಂತು, 2020ರಲ್ಲಿ 40 ವರ್ಷಗಳ ಗುತ್ತಿಗೆಗೆ ಹೋದುದನ್ನು ಈ ಸೀಮೆಯವರು ಕಂಡಿದ್ದಾರೆ. ಕಾರ್ಖಾನೆಗಾದರೋ ಗೋಡೆಗಳೂ ಯಂತ್ರಗಳೂ ಇದ್ದವು. ಬಾಡಿಗೆಯ ಕೊಠಡಿಯಲ್ಲಿ ತರಬೇತಿ ನಡೆಸುವ ಕಂಪನಿಗೆ ರಿಜಿಸ್ಟ್ರಿಯೇ ಮುಖ್ಯ ಆಸ್ತಿ. ಅದು ಹೋದಮೇಲೆ ಕಂಪನಿಯ ಹೆಸರಿನಲ್ಲಿ ಕರಾರು ಮಾಡಿಕೊಳ್ಳುವುದಕ್ಕಾಗಲಿ, ಸಹಾಯಧನ ಕೇಳುವುದಕ್ಕಾಗಲಿ ಆಸ್ಪದವಿಲ್ಲ. 2017ರಲ್ಲಿ ಕೇಂದ್ರ ಸರ್ಕಾರವು ದೇಶದಲ್ಲಿ 2 ಲಕ್ಷಕ್ಕೂ ಮಿಕ್ಕ ನಿಷ್ಕ್ರಿಯ ಕಂಪನಿಗಳ ಹೆಸರುಗಳನ್ನು ತೆಗೆಸಿ, ಅವುಗಳ ಬ್ಯಾಂಕು ಲೆಕ್ಕಗಳನ್ನು ನಿರ್ಬಂಧಿಸಿತು. ಲೆಕ್ಕಪತ್ರಗಳನ್ನು ಎಡೆಬಿಡದೆ 3 ವರ್ಷ ಸಲ್ಲಿಸದ ಕಂಪನಿಯ ಡೈರೆಕ್ಟರುಗಳು ಮುಂದಿನ 5 ವರ್ಷ ಯಾವ ಕಂಪನಿಗೂ ನೇಮಕವಾಗಲು ಅನರ್ಹರು. ಊರ ಗೌರವಕ್ಕಾಗಿ ಹೆಸರು ಕೊಟ್ಟ ಯಜಮಾನರಿಗೂ ಇದು ತಪ್ಪದು.

ಪರಿಹಾರವು ಕಷ್ಟವಾದುದಲ್ಲ. ಡೈರೆಕ್ಟರುಗಳ ಸಭೆಯು 3 ತಿಂಗಳಿಗೊಮ್ಮೆಯಾದರೂ ಸೇರಬೇಕು. ಮಹಾಸಭೆಯು ವರ್ಷಕ್ಕೊಮ್ಮೆ ನಡೆಯಬೇಕು. ಎರಡು ಮಹಾಸಭೆಗಳ ನಡುವೆ 15 ತಿಂಗಳು ಮೀರಕೂಡದು. ನಿಬಂಧನೆಗಳಲ್ಲಿ ಹೆಚ್ಚಿನ ಸಂಖ್ಯೆ ಹೇಳಿಲ್ಲದಿದ್ದರೆ ಸದಸ್ಯರಲ್ಲಿ ಕಾಲುಪಾಲು, ಅಂದರೆ 300ಕ್ಕೆ 75 ಮಂದಿ, ಹಾಜರಿದ್ದರೆ ಸಾಕು. ಸುಗ್ಗಿ ಮುಗಿದ ಮೇಲೆ ಸಭೆ ಕರೆದರೆ ಅಷ್ಟು ಜನ ಸೇರುವುದು ಅಸಾಧ್ಯವಲ್ಲ. ಸಭೆಯ ನಡವಳಿಯನ್ನೂ ಆಡಿಟ್ ಆದ ಲೆಕ್ಕಗಳನ್ನೂ 60 ದಿನಗಳೊಳಗೆ ರಿಜಿಸ್ಟ್ರಾರರಿಗೆ ಸಲ್ಲಿಸತಕ್ಕದ್ದು. ಮಂಡ್ಯದ ವಿ.ಸಿ. ಫಾರಂನಲ್ಲಿರುವ ಕೃಷಿ ವಿಜ್ಞಾನ ಕೇಂದ್ರದ ತಜ್ಞರನ್ನು ಬಿತ್ತನೆಗೆ ಮುಂಚೆ ಬರಮಾಡಿಕೊಂಡು ತರಬೇತಿ ನಡೆಸಿ, ಬಂದವರ ರುಜುಗಳನ್ನು ಹಾಜರಿ ಪುಸ್ತಕದಲ್ಲಿ ಹಾಕಿಸುವುದು ಒಳ್ಳೆಯದು. ಬರೀ ಉಪನ್ಯಾಸವನ್ನೇ ನೆಚ್ಚಿಕೊಳ್ಳಲಾಗದು. ಬೀಜವನ್ನೋ ಗೊಬ್ಬರವನ್ನೋ ಸದಸ್ಯರಿಗೆ ಹಂಚಿ, ಅದರ ರಸೀದಿಗಳನ್ನೂ ಇಟ್ಟಿರಬೇಕು.

ಹೆಸರು ತೆಗೆಯುವ ಮುನ್ನ ರಿಜಿಸ್ಟ್ರಾರರು ಕಾರಣ ಕೇಳಿ ನೋಟೀಸು ಕೊಟ್ಟು, ಸಮಾಧಾನ ಹೇಳಿಕೊಳ್ಳಲು ಅವಕಾಶ ಕೊಡಬೇಕು. ಆಜ್ಞೆಯಾದರೂ ಯಾವ ಸದಸ್ಯನೇ ಆಗಲಿ 60 ದಿನಗಳೊಳಗೆ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಗೆ ಅಪೀಲು ಮಾಡಬಹುದು. ಅದು ಫೈಸಲಾಗುವವರೆಗೆ ಆಜ್ಞೆಯು ಜಾರಿಗೆ ಬರುವುದಿಲ್ಲ. ಆದರೆ ಬೀಗ ಹಾಕಿದ ಬಾಗಿಲಿಗೆ ಬಂದ ನೋಟೀಸು ಹಿಂತಿರುಗಿ ಹೋದರೆ ದಿನಗಳು ಯಾರಿಗೂ ತಿಳಿಯದೆ ಕಳೆಯುತ್ತವೆ. ಆದಕಾರಣ ಆಫೀಸಿನ ವಿಳಾಸ ಬದಲಾದ ಕೂಡಲೆ ರಿಜಿಸ್ಟ್ರಾರರಿಗೆ ತಿಳಿಸಿರಬೇಕು.