ಎಳೆಯ ತಟ್ಟನ್ನು ಸವಾರಿಗೆ ಒಗ್ಗಿಸುವ ಕ್ರಮ



ಈಗ್ಗೆ ಎರಡು ವರುಷಗಳ ಕೆಳಗೆ, ದಸರೆಯ ಸಮಯದಲ್ಲಿ, ನಮ್ಮ ಊರಿನ ಒಬ್ಬ ಕುರಿಗಾರನು ಎರಡು ವರುಷ ತುಂಬಿದ ಒಂದು ಹೆಣ್ಣುತಟ್ಟನ್ನು ಹಗ್ಗ ಹಿಡಿದು ನಮ್ಮ ಬಾಗಿಲಿಗೆ ತಂದನು. ನಮ್ಮ ತಂದೆಯ ಮನೆಯಲ್ಲಿ ತಟ್ಟುಗಳಿದ್ದವೆಂದು ಅವನು ಬಲ್ಲನು. "ಮಾಸ್ತರರೇ, ದೀಪಾವಳಿ ಆದ ಮೇಲೆ ಮಂದೆ ಹೊರಡುತ್ತದೆ. ಅಷ್ಟರೊಳಗೆ ನಮ್ಮ ಹುಡುಗನು ಇದರ ಮೇಲೆ ಕೂತುಕೊಂಡು ಬರುವ ಹಾಗೆ ಮಾಡಿಕೊಡುವಿರೋ?" ಎಂದು ಕೇಳಿದನು. ಈ ದೀಪಾವಳಿಗಲ್ಲ, ಬರುವ ದೀಪಾವಳಿಗೂ ಅಲ್ಲ ಎಂದು ನಾವು ಹೇಳಿದಾಗ ಅವನ ಮುಖವು ಬಾಡಿತು. ಆಗ ನಾವು ಅಂಗಿಯ ತೋಳನ್ನು ಸರಿಸಿ, ನೆಟ್ಟಗೆ ಚಾಚಲಾಗದ ನಮ್ಮ ಎಡಗೈಯನ್ನು ಅವನಿಗೆ ತೋರಿಸಿದೆವು.

ಆ ಕೈಯ ಸಂಗತಿ ಹೀಗಿದೆ. ನಮಗೆ ಹನ್ನೊಂದು ವರುಷವಾಗಿದ್ದಾಗ ಮನೆಯಲ್ಲಿ ಒಂದು ಕಂದುಬಣ್ಣದ ಎಳೆಯ ತಟ್ಟು ಇತ್ತು. ನಮ್ಮ ಸೋದರಮಾವನು ಒಂದು ಬೆಳಿಗ್ಗೆ ಅದಕ್ಕೆ ಮೊದಲನೆಯ ಸಾರಿ ಕಡಿವಾಣ ಹಾಕಿ, ಮೊದಲನೆಯ ಸಾರಿ ಜೀನು ಬಿಗಿದು, ಅದೇ ಗಳಿಗೆಯಲ್ಲಿ ನಮ್ಮನ್ನು ಎತ್ತಿ ಅದರ ಮೇಲೆ ಕೂಡ್ರಿಸಿದನು. ತಟ್ಟು ಕಣದ ಕಡೆಗೆ ಓಡಿ, ಬೇಲಿಯ ಬಳಿಯಲ್ಲಿ ನಮ್ಮನ್ನು ಕೆಡವಿತು. ಮೊಣಕೈ ಮುರಿಯಿತು. ಆದರೆ ನಮಗಿಂತ ಹೆಚ್ಚಿನ ನಷ್ಟವಾದದ್ದು ಆ ತಟ್ಟಿಗೇ. ಅಂದಿನಿಂದ ಯಾರಾದರೂ ಎಡಗಡೆಯಿಂದ ಹತ್ತಿರಕ್ಕೆ ಬಂದರೆ ಅದು ನಡುಗಿ ಒದೆಯುತ್ತಿತ್ತು. ಕಡೆಗೆ ಅದನ್ನು ಸಂತೆಯಲ್ಲಿ ಕೈಗೆ ಬಂದ ಬೆಲೆಗೆ ಮಾರಿದರು. ಅದು ಪೋಕರಿ ತಟ್ಟೆಂದು ಎಲ್ಲರೂ ಅಂದರು. ನಾವು ಹಾಗೆ ಅನ್ನಲಾರೆವು.

ಭೀಮಾ ನದಿಯ ಎರಡು ಕಡೆಗಳಲ್ಲಿಯೂ ಮಂದೆ ನಡಿಸುವವರು ತಮ್ಮ ಪಾತ್ರೆ ಪರಟಿಗಳನ್ನೂ ಕಂಬಳಿಗಳನ್ನೂ ನಡೆಯಲಾರದ ಕುರಿಮರಿಗಳನ್ನೂ ಈ ಸಣ್ಣ ಕುದುರೆಗಳ ಮೇಲೆಯೇ ಹೊರಿಸುವರು. ಭುಜದ ಎತ್ತರವು 58 ಅಂಗುಲ, ಅಂದರೆ ಸುಮಾರು 147 ಸೆಂಟಿಮೀಟರು ಮೀರದ ಕುದುರೆಯನ್ನು ತಟ್ಟೆಂದು ಎಣಿಸುವದು ವಾಡಿಕೆ. ನಮ್ಮ ಕಡೆಯ ತಟ್ಟುಗಳು ಇದಕ್ಕಿಂತಲೂ ಗಿಡ್ಡವಾಗಿರುವವು. ಗಿಡ್ಡವಾಗಿರುವದರಿಂದಲೇ ಅವು ಬೇಗನೆ ಬೆಳೆದು ಮುಗಿದವೆಂದು ಜನರು ಮೋಸಹೋಗುತ್ತಾರೆ. ಎರಡು ವರುಷದ ತಟ್ಟು ನೋಡುವದಕ್ಕೆ ದೊಡ್ಡದಾಗಿ ಕಂಡರೂ ಅದರ ಎಲುಬುಗಳ ತುದಿಗಳು ಇನ್ನೂ ಮೆತ್ತಗಿರುವವು. ಕಾಲಿನ ಕೆಳಗಣ ಎಲುಬುಗಳು ಮೊದಲು ಗಟ್ಟಿಯಾಗುವವು. ಎಲ್ಲಕ್ಕೂ ಕಡೆಗೆ, ಐದು ವರುಷ ದಾಟಿದ ಮೇಲೆಯೇ, ಬೆನ್ನೆಲುಬು ಪೂರ್ತಿ ಗಟ್ಟಿಯಾಗುವದು. ಸವಾರನು ಕೂಡ್ರುವದಾದರೋ ಆ ಬೆನ್ನಿನ ಮೇಲೆಯೇ.

ವಯಸ್ಸನ್ನು ಮಾರುವವನ ಬಾಯಿಂದ ಕೇಳದೆ ತಟ್ಟಿನ ಬಾಯಲ್ಲಿ ನೋಡತಕ್ಕದ್ದು. ಮುಂದಿನ ಹಾಲುಹಲ್ಲುಗಳಲ್ಲಿ ನಡುವಣ ಜೋಡಿಯು ಸುಮಾರು ಎರಡೂವರೆ ವರುಷಕ್ಕೂ, ಅದರ ಪಕ್ಕದ್ದು ಮೂರೂವರೆಗೂ, ಮೂಲೆಯದು ನಾಲ್ಕೂವರೆಗೂ ಬಿದ್ದು ದೊಡ್ಡ ಹಲ್ಲುಗಳು ಬರುತ್ತವೆ. ಕುರಿಗಾರನು ತಂದ ತಟ್ಟಿನ ಬಾಯಲ್ಲಿ ಒಂದು ಹಾಲುಹಲ್ಲೂ ಬಿದ್ದಿರಲಿಲ್ಲ.

"ಹಾಗಾದರೆ ಇದನ್ನು ಸುಮ್ಮನೆ ಸಾಕಬೇಕೋ?" ಎಂದು ಅವನು ಕೇಳಿದನು. ಸುಮ್ಮನೆ ಅಲ್ಲ. ಹತ್ತುವದಕ್ಕೆ ಮುಂಚೆ ಕಲಿಸಬೇಕಾದದ್ದು ಹತ್ತಿದ ಮೇಲೆ ಕಲಿಸುವದಕ್ಕಿಂತ ಬಹಳ ಹೆಚ್ಚಾಗಿದೆ.

ಕುದುರೆಯು ಹುಲಿ ತೋಳಗಳಿಗೆ ಆಹಾರವಾಗಿದ್ದ ಕುಲದ ಪ್ರಾಣಿಯೆಂಬದನ್ನು ಮರೆಯಬಾರದು. ಬೆನ್ನಿನ ಮೇಲೆ ಏನಾದರೂ ಬಿದ್ದರೆ ಓಡು ಎಂಬದು ಅದರ ರಕ್ತದಲ್ಲಿದೆ. ಅದರ ಕಣ್ಣುಗಳು ತಲೆಯ ಪಕ್ಕಗಳಲ್ಲಿರುವದರಿಂದ ಅದು ಸುತ್ತಲೂ ನೋಡಬಲ್ಲದು. ಆದರೆ ತನ್ನ ಬಾಲದ ಹಿಂದೆಯೂ ಹಣೆಯ ನೇರ ಮುಂದೆಯೂ ಇರುವದು ಅದಕ್ಕೆ ಕಾಣುವದಿಲ್ಲ. ಆದದರಿಂದ ಭುಜದ ಪಕ್ಕದಿಂದ, ಮಾತಾಡುತ್ತಾ ಹತ್ತಿರ ಹೋಗಬೇಕು.

ಗ್ರೀಕ್ ದೇಶದ ಜೆನೊಫೋನನು ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಅಶ್ವವಿದ್ಯೆಯನ್ನು ಕುರಿತು ಒಂದು ಗ್ರಂಥವನ್ನು ಬರೆದನು. ಮರಿಗೆ ಹಸಿವೆ, ನೀರಡಿಕೆ, ನೊಣಗಳ ಕಾಟ ಇವುಗಳಿಂದ ಬಿಡುಗಡೆಯು ಮನುಷ್ಯನ ಕೈಯಿಂದಲೇ ಬರುವದೆಂದು ತಿಳಿಯಮಾಡಬೇಕು, ಕೋಪದಲ್ಲಿ ಎಂದೂ ಕುದುರೆಯ ಬಳಿಗೆ ಹೋಗಬಾರದು ಎಂದು ಅವನು ಬೋಧಿಸಿದ್ದಾನೆ. ಅದು ಮುಟ್ಟಿಸಿಕೊಳ್ಳಲು ಇಷ್ಟಪಡುವ ಕಡೆಯಲ್ಲಿ ಮುಟ್ಟಬೇಕೆಂಬದೂ ಅವನ ಮಾತೇ. ಕುದುರೆಗಳು ತಮ್ಮತಮ್ಮೊಳಗೆ ಜೂಲಿನ ಬುಡವನ್ನು ಹಲ್ಲುಗಳಿಂದ ಕೆರೆದುಕೊಳ್ಳುವದನ್ನು ಮಂದೆಯವರೆಲ್ಲರೂ ನೋಡಿದ್ದಾರೆ. ಆ ಸ್ಥಳದಲ್ಲಿ ಕೆರೆದರೆ ಕುದುರೆಯ ಎದೆಬಡಿತವು ನಿಧಾನವಾಗುತ್ತದೆಂದು 1993ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಕಂಡುಬಂತು. ನಮ್ಮ ಕುರಿಗಾರನ ಹುಡುಗನಿಗೆ ಮೊದಲು ಕೊಟ್ಟ ಕೆಲಸವು ಇದೇ. ದಿನಕ್ಕೆ ಎರಡು ಸಾರಿ ಜೂಲಿನ ಬುಡವನ್ನು ಕೆರೆಯುವದು, ಮೈ ಉಜ್ಜುವದು, ನಾಲ್ಕು ಗೊರಸುಗಳನ್ನೂ ಒಂದೊಂದಾಗಿ ಎತ್ತಿ ಇಳಿಸುವದು. ಇದು ಅವನಿಗೆ ಕೆಲಸವೆಂದೇ ತೋರಲಿಲ್ಲ.

ದೀಪಾವಳಿಯ ತರುವಾಯ ಮಂದೆಯು ಹೊರಟಾಗ ತಟ್ಟು ಬರಿ ಬೆನ್ನಿನಿಂದ ಹುಡುಗನ ಪಕ್ಕದಲ್ಲಿ ನಡೆಯಿತು. ಲಾರಿಗಳು, ಸೇತುವೆಗಳು, ಸಂತೆಯ ಗದ್ದಲ ಇವೆಲ್ಲವುಗಳನ್ನು ಅದು ಹೊರೆಯಿಲ್ಲದೆ ನೋಡಿ ಕಲಿತದ್ದು ದೊಡ್ಡ ಲಾಭವಾಯಿತು. ಹೊರೆಯ ವಿಷಯದಲ್ಲಿ ಒಂದು ಮಾತು. ನಮ್ಮ ದೇಶದ 1965ರ ನಿಯಮಗಳ ಪ್ರಕಾರ ತಟ್ಟಿನ ಮೇಲೆ 70 ಕಿಲೋಗಿಂತ ಹೆಚ್ಚು ಹೇರಕೂಡದು, ಮುಳ್ಳುಗಳಿರುವ ಕಡಿವಾಣವನ್ನು ಹಾಕಲೇಕೂಡದು. ಆ ತೂಕವೂ ಬೆಳೆದ ತಟ್ಟಿಗೆ ಹೇಳಿದ್ದೇ ಹೊರತು ಮರಿಗಲ್ಲ.

ಮಳೆಗಾಲಕ್ಕೆ ಅವರು ತಿರಿಗಿ ಬಂದಾಗ ತಟ್ಟು ಒಂದು ಕೆಟ್ಟ ಅಭ್ಯಾಸವನ್ನು ತಂದಿತ್ತು. ಹಗ್ಗ ಬಿಗಿಯಾದೊಡನೆ ತಲೆಯನ್ನು ಮೇಲಕ್ಕೆ ಎಸೆಯುತ್ತಿತ್ತು. ನಾವು ಹುಡುಗನನ್ನು ಸುಮ್ಮನೆ ನಡಿಸು ಎಂದು ಹೇಳಿ ನಿಂತು ನೋಡಿದೆವು. ಕಾರಣವು ಕೂಡಲೇ ತಿಳಿಯಿತು. ತಟ್ಟು ತಲೆ ಎಸೆದಾಗ ಹುಡುಗನು ಹೆದರಿ ಹಗ್ಗವನ್ನು ಸಡಿಲಬಿಡುವನು. ಅದು ವಿಧೇಯವಾಗಿ ಮುಂದೆ ಬಂದಾಗ ಹಗ್ಗವನ್ನು ಬಿಗಿಯಾಗಿಯೇ ಹಿಡಿದಿರುವನು. ಹೀಗಿರಲು ತಟ್ಟು ಕಲಿತದ್ದೇನು? ತಲೆ ಎಸೆದರೆ ಸುಖವಿದೆ ಎಂಬದೇ.

ವಾಚಕರು ಈ ಒಂದು ಸಂಗತಿಯನ್ನು ಚೆನ್ನಾಗಿ ಗ್ರಹಿಸಬೇಕೆಂದು ಕೋರುತ್ತೇವೆ. ಎಳೆಯುವದರಿಂದ ತಟ್ಟು ಕಲಿಯುವದಿಲ್ಲ, ಎಳೆತವನ್ನು ಬಿಡುವದರಿಂದ ಕಲಿಯುತ್ತದೆ. ಹಗ್ಗಕ್ಕೆ ಮೆಲ್ಲಗೆ ಬಿಗಿ ಕೊಟ್ಟು, ಜಗ್ಗದೆ, ಸಿಟ್ಟಾಗದೆ ಹಾಗೆಯೇ ಹಿಡಿದಿರಬೇಕು. ಅದು ಒಂದೇ ಒಂದು ಹೆಜ್ಜೆ ಮುಂದಿಟ್ಟ ಕ್ಷಣದಲ್ಲಿ ಕೈಯನ್ನು ಸಡಿಲಿಸಬೇಕು. ಆ ಕ್ಷಣವು ತಪ್ಪಿದರೆ ಪಾಠವು ತಪ್ಪಿತು. ಹಿಂದಕ್ಕೆ ಸರಿಯುವದಕ್ಕೂ, ನಿಲ್ಲುವದಕ್ಕೂ, ಪಕ್ಕಕ್ಕೆ ತಿರುಗುವದಕ್ಕೂ ಇದೇ ಕ್ರಮ. ಈ ತಪ್ಪನ್ನು ತಿದ್ದುವದಕ್ಕೆ ಹದಿನೈದು ದಿನ ಹಿಡಿಯಿತು. ಅದರಲ್ಲಿ ಹತ್ತು ದಿನ ಹುಡುಗನ ಕೈಗೆ ಕಲಿಸುವದರಲ್ಲಿಯೇ ಹೋದವು.

ಕಡಿವಾಣಕ್ಕೆ ಅವಸರಪಡಬಾರದು. ಮುಂದಿನ ಹಲ್ಲುಗಳಿಗೂ ದವಡೆಯ ಹಲ್ಲುಗಳಿಗೂ ನಡುವೆ ಹಲ್ಲಿಲ್ಲದ ಒಂದು ಜಾಗವಿದೆ. ಕಬ್ಬಿಣವು ಅಲ್ಲಿ ಕೂಡ್ರುವದು. ಅಲ್ಲಿ ಎಲುಬಿನ ಮೇಲೆ ತೆಳುವಾದ ವಸಡೊಂದೇ ಇರುವದು. ಕೆಲವು ತಟ್ಟುಗಳಿಗೆ ಮೇಲಿನ ದವಡೆಹಲ್ಲಿನ ಮುಂದೆ ಸಣ್ಣದೊಂದು ಹೆಚ್ಚಿನ ಹಲ್ಲು ಹುಟ್ಟಿ, ಕಡಿವಾಣವು ಅದಕ್ಕೆ ತಗಲಿ ಬಹಳ ನೋವಾಗುವದು. ಪಶುವೈದ್ಯರಿಗೆ ಬಾಯಿ ತೋರಿಸಿದ ಮೇಲೆಯೇ ಕಡಿವಾಣ ಹಾಕತಕ್ಕದ್ದು. ಹಲ್ಲು ಬೀಳುವ ದಿವಸಗಳಲ್ಲಂತೂ ಅದು ಬೇಡ.

ಜೀನನ್ನು ಮೊದಲು ಮೂಸಲಿಕ್ಕೆ ಬಿಡಬೇಕು. ಆ ಮೇಲೆ ಬೆನ್ನಿಗೆ ಮಡಿಸಿದ ಕಂಬಳಿ, ಅದು ಒಗ್ಗಿದ ಮೇಲೆ ಜೀನು, ಹೊಟ್ಟೆಯ ಪಟ್ಟಿಯು ಮೊದಲ ದಿನ ಜಾರದಷ್ಟು ಮಾತ್ರ ಬಿಗಿ. ಒಮ್ಮೆಗೇ ಬಿಗಿದ ಪಟ್ಟಿಯನ್ನು ತಟ್ಟು ಬಹುಕಾಲ ಮರೆಯುವದಿಲ್ಲ. ಕಾಲು ಗಂಟೆಗಿಂತ ಹೆಚ್ಚು ಹೊತ್ತು ಯಾವ ಪಾಠವೂ ಬೇಡ. ಅದು ಬೇಸರಪಡುವದಕ್ಕೆ ಮುಂಚೆ ಬಿಟ್ಟು ಮೇಯಿಸಿರಿ.

ಎರಡನೆಯ ಪಯಣವೂ ಮುಗಿದು, ನಡುವಣ ಹಲ್ಲುಗಳು ಬದಲಾಗಿ ಪಕ್ಕದವುಗಳೂ ಬಂದ ಮೇಲೆ, ಈ ವರುಷದ ಮಳೆಗಾಲದಲ್ಲಿ, ಹತ್ತುವ ದಿನವು ಬಂತು. ಸವಾರನೂ ಜೀನೂ ಕೂಡಿ ತಟ್ಟಿನ ತೂಕದ ಐದರಲ್ಲಿ ಒಂದು ಪಾಲು ಮೀರಬಾರದು. ಎಳೆಯದಕ್ಕೆ ಇನ್ನೂ ಕಡಿಮೆಯಾದರೆ ಒಳ್ಳೇದು. ಹುಡುಗನು ಸುಮಾರು 30 ಕಿಲೋ ಇದ್ದನು, ಚಿಂತೆ ಇರಲಿಲ್ಲ. ಅವನ ತಲೆಗೆ ಗಟ್ಟಿ ಟೊಪ್ಪಿಗೆಯನ್ನು ಕಟ್ಟಿಸಿದೆವು. ತಂದೆಯು ತಟ್ಟಿನ ತಲೆಯ ಬಳಿ ನಿಂತನು. ಹುಡುಗನು ಕಟ್ಟೆಯ ಮೇಲಿಂದ ಅದರ ಬೆನ್ನಿಗೆ ಅಡ್ಡಲಾಗಿ ಹೊಟ್ಟೆಯೂರಿ ಮೂರು ಉಸಿರು ಎಣಿಸಿ ಇಳಿದನು. ಅಷ್ಟೇ. ಮಾರನೆಯ ದಿನ ಬಲಗಡೆಯಿಂದಲೂ ಹಾಗೆಯೇ. ಐದನೆಯ ದಿನ ಕಾಲನ್ನು ಆಚೆಗೆ ಹಾಕಿದನು, ಆದರೆ ಎದೆಯನ್ನು ಜೂಲಿಗೆ ಒರಗಿಸಿಯೇ ಇದ್ದನು. ಯಾಕಂದರೆ ಪಕ್ಕದ ಕಣ್ಣಿಗೆ ಬೆನ್ನಿನ ಮೇಲೆ ಎತ್ತರವಾದದ್ದು ಫಕ್ಕನೆ ಕಂಡರೆ ತಟ್ಟು ಬೆದರುವದು. ರಿಕಾಪುಗಳಲ್ಲಿ ಕಾಲಿಡಲಿಲ್ಲ, ಬೀಳುವ ಸಮಯದಲ್ಲಿ ಕಾಲು ಸಿಕ್ಕಿಕೊಳ್ಳಬಾರದಲ್ಲವೇ. ಮೆಲ್ಲಮೆಲ್ಲನೆ ನೆಟ್ಟಗೆ ಕೂತನು.

ತಟ್ಟು ಕಿವಿಗಳನ್ನು ಹಿಂದಕ್ಕೆ ತಿರುಗಿಸಿ, ಬಾಲವನ್ನು ಒತ್ತಿಕೊಂಡು ನಿಂತಿತು. ತಂದೆಯು ಅದನ್ನು ನಡಿಸುವದಕ್ಕೆ ಹಗ್ಗವನ್ನು ಎತ್ತಿದನು. ಬೇಡವೆಂದು ನಾವು ಕೈಸನ್ನೆ ಮಾಡಿದೆವು. ಹುಡುಗನು ಜೂಲಿನ ಬುಡವನ್ನು ಕೆರೆದನು. ಸ್ವಲ್ಪ ಹೊತ್ತಾದ ಮೇಲೆ ತಟ್ಟು ತಲೆಯನ್ನು ತಗ್ಗಿಸಿ, ಬಾಲವನ್ನು ಸಡಿಲಬಿಟ್ಟು, ಒಂದು ದೀರ್ಘವಾದ ಉಸಿರನ್ನು ಹೊರಡಿಸಿತು. ಆಗ ಹಗ್ಗವನ್ನು ಎತ್ತಿಸಿದೆವು. ಕಣವನ್ನು ಒಂದೇ ಸುತ್ತು ಸುತ್ತಿ, ಹುಡುಗನನ್ನು ಇಳಿಸಿ, ಜೀನು ಬಿಚ್ಚಿ ಅದನ್ನು ಹುಲ್ಲಿಗೆ ಬಿಟ್ಟರು. ಮರುದಿವಸ ಅದು ತಾನಾಗಿಯೇ ಕಟ್ಟೆಯ ಬಳಿಗೆ ಬಂದು ನಿಂತಿತ್ತೆಂದು ಕುರಿಗಾರನು ಹೇಳಿ ಕಳುಹಿಸಿದನು.